24ನೇ ಟ್ರ್ಯಾಕಿನ ಕೀರಲು ದನಿ

ಎರಡು ಇಂಚು ಅಗಲದ ಹಳೆಯ ರೀಲೊಂದನ್ನು ಯಂತ್ರಕ್ಕೆ ಏರಿಸಿ ಟ್ರ್ಯಾಕುಗಳನ್ನು ಒಂದೊಂದಾಗಿ ಕೇಳುತ್ತ ಹೋಗಿ. ಮೊದಲು ಡ್ರಮ್ಸ್, ಆಮೇಲೆ ಬೇಸ್, ಪಿಟೀಲುಗಳ ಸಾಲು, ಕೊಳಲು, ಪಲ್ಲವಿಗೆ ಮುಂಚೆ ಗಾಯಕ ಎಳೆದುಕೊಂಡ ಉಸಿರು. ಕೊನೆಯ ಟ್ರ್ಯಾಕಿಗೆ ಬಂದಾಗ ಮಾತ್ರ ತಗಡಿನ ಮೇಲೆ ಮೊಳೆ ಎಳೆದ ಹಾಗೆ ಒಂದೇ ಸಮನೆ ಕೀರಲು ಸದ್ದು. ಹೊಸಬರು ಥಟ್ಟನೆ ಫೇಡರ್ ಇಳಿಸುತ್ತಾರೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೀಲನ್ನು ಕಂಪ್ಯೂಟರಿಗೆ ಇಳಿಸುವಾಗ 23 ಟ್ರ್ಯಾಕು ಉಳಿಸಿಕೊಂಡು ಅದೊಂದನ್ನು ಕೈಬಿಡುತ್ತಾರೆ. ಪತ್ರ ಇಟ್ಟುಕೊಂಡು ವಿಳಾಸವಿದ್ದ ಲಕೋಟೆ ಹರಿದು ಹಾಕಿದ ಹಾಗೆ ಅದು.

ಆ ಸದ್ದಿನ ಹೆಸರು ಟೈಮ್‌ಕೋಡ್. ಟೇಪಿನ ಉದ್ದಕ್ಕೂ ನೆಟ್ಟ ಮೈಲಿಗಲ್ಲುಗಳೆಂದರೆ ಸರಿಹೋದೀತು. ಗಂಟೆ, ನಿಮಿಷ, ಸೆಕೆಂಡು, ಫ್ರೇಮು ಎಂದು ನಾಲ್ಕು ಜೋಡಿ ಅಂಕಿಗಳಲ್ಲಿ ಟೇಪಿನ ಪ್ರತಿಯೊಂದು ಜಾಗಕ್ಕೂ ಒಂದು ಸಂಖ್ಯೆ. ಎರಡನೆಯ ಟೇಪ್ ಯಂತ್ರವೋ ವಿಡಿಯೋ ಯಂತ್ರವೋ ಕಂಪ್ಯೂಟರೋ ಈ ಸಂಖ್ಯೆ ಓದಿಕೊಂಡು ಜೊತೆಯಲ್ಲಿ ಓಡುತ್ತದೆ. ಸಂಖ್ಯೆ ಅಳಿಸಿದ ಜಾಗದಲ್ಲಿ ಜೊತೆಗಾರ ದಾರಿ ತಪ್ಪುತ್ತಾನೆ. ಅಳಿಸಿದ್ದನ್ನು ತುಂಬುವುದು, ಮೊಟಕಾಗಿದ್ದನ್ನು ಬೆಳೆಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಅಟ್ಟದ ಮೇಲೆ ರೀಲುಗಳನ್ನು ಇಟ್ಟುಕೊಂಡ ಸಂಗೀತಗಾರರಿಗೆ, ಹಳೆಯ ಟೇಪು ಇಳಿಸಿಕೊಡುವ ಸಣ್ಣ ಸ್ಟುಡಿಯೋದವರಿಗೆ, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಯೌವನ ಕಳೆದವರಿಗೆ ಇದು ಉಪಯೋಗಕ್ಕೆ ಬಂದೀತು.

ಈ ಸಂಖ್ಯೆಗಳಿಗೆ ಮುಂಚೆ ಜನ ಪಟ್ಟ ಪಾಡು ನೋಡಿದರೆ ಅವುಗಳ ಬೆಲೆ ತಿಳಿಯುತ್ತದೆ. 1967ರ ಫೆಬ್ರವರಿ 10ರಂದು ಲಂಡನ್ನಿನ ಆಬೀ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್ ತಂಡ ‘ಎ ಡೇ ಇನ್ ದ ಲೈಫ್’ ಹಾಡಿಗೆ 40 ವಾದ್ಯಗಾರರ ಆರ್ಕೆಸ್ಟ್ರಾ ಕೂರಿಸಿತ್ತು. ಇದ್ದದ್ದು ನಾಲ್ಕೇ ಟ್ರ್ಯಾಕಿನ ಯಂತ್ರಗಳು, ಒಂದು ಆಗಲೇ ತುಂಬಿತ್ತು. ಅಲ್ಲಿನ ಎಂಜಿನಿಯರ್ ಕೆನ್ ಟೌನ್ಸೆಂಡ್ ಒಂದು ಟೇಪಿನಲ್ಲಿ 50 ಹರ್ಟ್ಸ್ ಸ್ವರ ಬರೆದು, ಆ ಸ್ವರದಿಂದಲೇ ಇನ್ನೊಂದು ಯಂತ್ರದ ಮೋಟಾರನ್ನು ಓಡಿಸಿದರು. ವೇಗ ಕೂಡಿತು. ಆದರೆ 50 ಹರ್ಟ್ಸ್ ಎಲ್ಲಿ ಕೇಳಿದರೂ ಒಂದೇ; ‘ನಾನೀಗ ಎಲ್ಲಿದ್ದೇನೆ’ ಎಂದು ಅದು ಹೇಳಲಾರದು. ಎರಡೂ ಟೇಪುಗಳ ಮೇಲೆ ಗುರುತು ಹಾಕಿಕೊಂಡು, ಎರಡೂ ಯಂತ್ರಗಳನ್ನು ಕೈಯಿಂದ ಒಟ್ಟಿಗೆ ಹೊರಡಿಸಬೇಕಿತ್ತು. ಒಮ್ಮೆ ಕೂಡಿ ಬಂದದ್ದು ಮತ್ತೊಮ್ಮೆ ಕೂಡುತ್ತದೆಂಬ ಭರವಸೆ ಇರಲಿಲ್ಲ.

ಟೈಮ್‌ಕೋಡ್ ಆ ‘ಎಲ್ಲಿ’ಗೆ ಉತ್ತರ ಕೊಟ್ಟಿತು. ವಿಡಿಯೋ ಟೇಪಿನ ಸಂಕಲನಕ್ಕೆಂದು ಹುಟ್ಟಿದ್ದು 1970ರ ದಶಕದಲ್ಲಿ ಅಮೆರಿಕದ ಸಿನಿಮಾ ಮತ್ತು ಟಿವಿ ಎಂಜಿನಿಯರುಗಳ ಸಂಘದ ಮಾನದಂಡವಾಯಿತು. ಸಂಘದ ಮೊದಲಕ್ಷರಗಳನ್ನು ಕೂಡಿಸಿ ಸ್ಟುಡಿಯೋದವರು ಅದನ್ನು ‘ಸಿಂಪ್ಟಿ’ ಎಂದು ಕರೆದರು. 1980ರ ದಶಕಕ್ಕೆ ಬಂದರೆ ಮೈಕೆಲ್ ಜಾಕ್ಸನ್‌ರ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಇದೇ ಕೋಡ್ ಹಿಡಿದು ಹಲವು 24 ಟ್ರ್ಯಾಕ್ ರೀಲುಗಳನ್ನು ಒಂದೇ ಹಾಡಿಗೆ ಜೋಡಿಸುತ್ತಿದ್ದರು. ಮೂಲ ತಾಳವಾದ್ಯಗಳ ರೀಲನ್ನು ಎತ್ತಿಟ್ಟು, ಅದರ ಮಿಶ್ರಣವನ್ನು ಇನ್ನೊಂದು ಕೆಲಸದ ರೀಲಿಗೆ ಇಳಿಸಿ, ಗಾಯನ ಮತ್ತು ಉಳಿದ ವಾದ್ಯಗಳನ್ನೆಲ್ಲ ಅದರ ಮೇಲೆ ಮಾಡುವುದು ಆ ಪದ್ಧತಿ. ಮೂಲ ಟೇಪು ನೂರಾರು ಸಲ ಹೆಡ್ಡಿಗೆ ಉಜ್ಜಿ ಸವೆಯುವುದು ಹೀಗೆ ತಪ್ಪಿತು. ಕೊನೆಯ ಮಿಶ್ರಣದ ದಿನ ಎಲ್ಲ ರೀಲುಗಳೂ ಟೈಮ್‌ಕೋಡಿನ ಹಗ್ಗ ಹಿಡಿದು ಒಟ್ಟಿಗೆ ಓಡುತ್ತವೆ. ಆ ಹಗ್ಗ ತುಂಡಾದರೆ ಒಂದು ರೀಲಿನಲ್ಲಿ ಹಾಡು, ಇನ್ನೊಂದರಲ್ಲಿ ತಾಳ. ಗಂಡ ಹೆಂಡಿರಿಗೆ ಮಾತಿಲ್ಲದ ಮನೆ.

ಸದ್ದಿನೊಳಗಿನ ಲೆಕ್ಕ

ದುರಸ್ತಿಗೆ ಕೈಹಾಕುವ ಮುಂಚೆ ಈ ಕೀರಲಿನೊಳಗೆ ಏನಿದೆಯೆಂದು ತಿಳಿದಿರಬೇಕು. ಒಂದು ಫ್ರೇಮಿಗೆ 80 ಬಿಟ್‌ಗಳು. ಅವುಗಳಲ್ಲಿ ಒಂದಷ್ಟು ಸಮಯದ ಅಂಕಿಗಳಿಗೆ, 32 ಬಿಟ್‌ಗಳು ಬಳಕೆದಾರನ ಸ್ವಂತಕ್ಕೆ. ತಾರೀಖು, ರೀಲಿನ ಸಂಖ್ಯೆ ಏನನ್ನಾದರೂ ಅದರಲ್ಲಿ ಬರೆದಿಡಬಹುದು. ಕೊನೆಯ 16 ಬಿಟ್‌ಗಳು ಫ್ರೇಮು ಮುಗಿಯಿತೆಂಬ ಗುರುತು: ಎರಡು ಸೊನ್ನೆ, ಹನ್ನೆರಡು ಒಂದು, ಮತ್ತೆ ಸೊನ್ನೆ, ಒಂದು. ಸಾಲಾಗಿ ಹನ್ನೆರಡು ‘ಒಂದು’ ಬೇರೆಲ್ಲೂ ಬರುವಂತಿಲ್ಲ. ಈ ಗುರುತನ್ನು ಹಿಂದಿನಿಂದ ಓದಿದರೆ ಬೇರೆಯಾಗಿ ಕಾಣುವುದರಿಂದ ಟೇಪು ಯಾವ ದಿಕ್ಕಿಗೆ ಓಡುತ್ತಿದೆಯೆಂದೂ ಓದುವ ಯಂತ್ರಕ್ಕೆ ಗೊತ್ತಾಗುತ್ತದೆ. ಪ್ರತಿ ಬಿಟ್ಟಿನ ಗಡಿಯಲ್ಲಿ ಅಲೆ ಒಮ್ಮೆ ಮಗುಚುತ್ತದೆ. ಬಿಟ್ಟು ‘ಒಂದು’ ಆಗಿದ್ದರೆ ನಡುವೆ ಇನ್ನೊಮ್ಮೆ. ಅಲೆ ತಲೆಕೆಳಗಾದರೂ ಟೇಪು ಹಿಮ್ಮುಖ ಓಡಿದರೂ ಓದಲು ಬರುವಂಥ ಜಾಣ ಬರಹ ಇದು. ನಿಂತ ಟೇಪಿನಿಂದ ಮಾತ್ರ ಓದಲಾಗದು.

ಸೆಕೆಂಡಿಗೆ 25 ಫ್ರೇಮಿನಂತೆ 2000 ಬಿಟ್. ಸದ್ದಾಗಿ ಕೇಳಿದರೆ 1000ದಿಂದ 2000 ಹರ್ಟ್ಸ್ ನಡುವೆ, ಅಂದರೆ ಮನುಷ್ಯನ ದನಿಯ ತೀರ ಮುಖ್ಯವಾದ ಪಟ್ಟಿಯಲ್ಲೇ ಕೂರುತ್ತದೆ. ಬೇರೆ ಟ್ರ್ಯಾಕಿಗೆ ಸೋರಿದರೆ ಗಾಯಕನ ಪಕ್ಕದಲ್ಲೇ ಜೀರುಂಡೆ ಕೂತಂತೆ ಕೇಳುವುದು ಇದಕ್ಕೇ.

ಈ ಬಿಟ್‌ಗಳು ಟೇಪಿನ ಮೇಲೆ ಎಷ್ಟು ಜಾಗ ಹಿಡಿಯುತ್ತವೆಂದು ಒಮ್ಮೆ ಲೆಕ್ಕ ಹಾಕಿದ್ದೆ. ಆಮೇಲೆ ಟೇಪನ್ನು ಬರಿಗೈಯಲ್ಲಿ ಮುಟ್ಟುವುದನ್ನೇ ಬಿಟ್ಟೆ. ಸೆಕೆಂಡಿಗೆ 15 ಇಂಚು ಓಡುವ ಸ್ಟುಡಿಯೋ ಟೇಪಿನಲ್ಲಿ ಒಂದು ಫ್ರೇಮಿನ ಉದ್ದ 15 ಮಿ.ಮೀ.ಗಿಂತ ಕೊಂಚ ಹೆಚ್ಚು, ಒಂದು ಬಿಟ್ಟು 0.19 ಮಿ.ಮೀ. ಮಾಮೂಲಿ ಕ್ಯಾಸೆಟ್ಟಿನ ವೇಗದಲ್ಲಿ ಇಡೀ ಫ್ರೇಮು ಎರಡು ಮಿ.ಮೀ. ಕೂಡ ಇಲ್ಲ. ಒಂದು ಮಿ.ಮೀ. ಅಗಲದ ಕೊಳೆ ಸ್ಟುಡಿಯೋ ಟೇಪಿನಲ್ಲಿ ಐದು ಬಿಟ್ ನುಂಗಿದರೆ ಕ್ಯಾಸೆಟ್ಟಿನಲ್ಲಿ ಅರ್ಧ ಫ್ರೇಮನ್ನೇ ನುಂಗುತ್ತದೆ.

ಸಾಲದ್ದಕ್ಕೆ ಟೈಮ್‌ಕೋಡಿಗೆ ಕೊಡುವುದು ಟೇಪಿನ ಅಂಚಿನ ಟ್ರ್ಯಾಕು. ಸೋರಿಕೆ ಒಂದೇ ಬದಿಗಿರಲಿ ಎಂದು 24ರಲ್ಲಿ ಕೋಡ್ ಬರೆದು 23ನ್ನು ಖಾಲಿ ಬಿಡುವುದು ವಾಡಿಕೆ. ಊರ ಹೊರಗಿನ ಮನೆಗೆ ಮೊದಲು ಕಳ್ಳ ನುಗ್ಗುವಂತೆ ಟೇಪಿನ ಅಂಚೇ ಮೊದಲು ಸುಕ್ಕಾಗುವುದು, ಪುಡಿ ಉದುರಿಸುವುದು.

ಯಾವ ಕೋಡ್, ಎಲ್ಲಿ ಕೆಟ್ಟಿದೆ

ಮೊದಲು ಟೇಪಿನ ಆರೋಗ್ಯ. 1970ರ ದಶಕದ ನಡುವಿನಿಂದ 80ರ ದಶಕದವರೆಗಿನ ಕೆಲವು ಟೇಪುಗಳ ಅಂಟು, ಆಂಪೆಕ್ಸ್ 456ರಂಥವುಗಳದು, ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಓಡಿಸಿದರೆ ಕೀಚಲು ಸದ್ದು ಮಾಡುತ್ತ ಹೆಡ್ಡಿನ ಮೇಲೆ ಕಂದು ಮೇಣ ಬಿಡುತ್ತದೆ. ಅಂಥದ್ದನ್ನು ಕಂಡರೆ ಆ ಕ್ಷಣವೇ ನಿಲ್ಲಿಸಿ. ಸುಮಾರು 54 ಡಿಗ್ರಿ ಸೆಲ್ಸಿಯಸ್ ಸ್ಥಿರ ಶಾಖದಲ್ಲಿ ಎಂಟು ಗಂಟೆ, ಎರಡು ಇಂಚಿನ ರೀಲಾದರೆ ಇನ್ನೂ ಹೆಚ್ಚು ಹೊತ್ತು, ಇಟ್ಟು ತಣಿಸಿದರೆ ಕೆಲವು ವಾರಗಳ ಮಟ್ಟಿಗೆ ಟೇಪು ಓಡುವ ಸ್ಥಿತಿಗೆ ಬರುತ್ತದೆ. ಇದಕ್ಕೆ ಪ್ರಯೋಗಾಲಯದ ಇನ್‌ಕ್ಯುಬೇಟರ್ ಬೇಕು; ಅಡುಗೆಮನೆಯ ಓವನ್ ಖಂಡಿತ ಬೇಡ, ಅದರ ಶಾಖ ಏರಿಳಿಯುತ್ತದೆ. ತೀರ ಹಳೆಯ ಅಸಿಟೇಟ್ ಟೇಪಿಗೆ ಈ ಚಿಕಿತ್ಸೆಯೇ ಕೂಡದು.

ಓಡುವಂತಾದ ಮೇಲೆ ಮೊದಲ ಕೆಲಸ ದುರಸ್ತಿಯಲ್ಲ, ನಕಲು. ಎಲ್ಲ ಟ್ರ್ಯಾಕುಗಳನ್ನೂ, ಕೀರಲನ್ನೂ ಸೇರಿಸಿ, 24 ಬಿಟ್ 96 ಕಿಲೋಹರ್ಟ್ಸ್‌ನಲ್ಲಿ ಕಂಪ್ಯೂಟರಿಗೆ ಒಟ್ಟಿಗೆ ಇಳಿಸಿಕೊಳ್ಳಿ. ಬೇರೆ ಬೇರೆ ಸರದಿಯಲ್ಲಿ ಇಳಿಸಿದರೆ ಒಂದೊಂದು ಸರದಿಯ ವೇಗವೂ ಒಂದೊಂದು ಥರ. ಕೋಡಿನ ಟ್ರ್ಯಾಕಿಗೆ ಡಾಲ್ಬಿ, ಡಿಬಿಎಕ್ಸ್, ಗದ್ದಲ ಕಳೆಯುವ ಯಾವ ಸೋಸುಕವೂ ಇರಬಾರದು.

ಇನ್ನು ಫ್ರೇಮುಗಳ ಲೆಕ್ಕ. ಕೊನೆಯ ಜೋಡಿ ಅಂಕಿ ಎಷ್ಟಕ್ಕೆ ಮುಟ್ಟಿ ಸೊನ್ನೆಗೆ ಮರಳುತ್ತದೆಂದು ನೋಡಿ. 23 ಆದರೆ ಸೆಕೆಂಡಿಗೆ 24 ಫ್ರೇಮು, ಸಿನಿಮಾದ್ದು. 24 ಆದರೆ 25 ಫ್ರೇಮು. ಯೂರೋಪಿನಲ್ಲೂ ನಮ್ಮ ದೂರದರ್ಶನದಲ್ಲೂ ನಡೆದದ್ದು ಇದೇ. 29ಕ್ಕೆ ಮುಟ್ಟಿದರೆ ಅಮೆರಿಕದ ಲೆಕ್ಕ, ಅಲ್ಲೇ ತೊಡಕೂ ಇದೆ. ಅದು ನಿಜವಾದ 30 ಇರಬಹುದು, ಬಣ್ಣದ ಟಿವಿಗಾಗಿ ಕೊಂಚ ನಿಧಾನಿಸಿದ 29.97 ಇರಬಹುದು. 29.97ರಲ್ಲೂ ಎರಡು ಬಗೆ. ಒಂದು ಸುಮ್ಮನೆ ಎಣಿಸಿಕೊಂಡು ಹೋಗಿ ಗಂಟೆಗೆ 3.6 ಸೆಕೆಂಡು ಹಿಂದೆ ಬೀಳುತ್ತದೆ. ಇನ್ನೊಂದು ಪ್ರತಿ ನಿಮಿಷದ ಆರಂಭದಲ್ಲಿ 00, 01 ಎಂಬ ಎರಡು ಸಂಖ್ಯೆಗಳನ್ನು ಹಾರಿಸುತ್ತದೆ, ಹತ್ತರಿಂದ ಭಾಗವಾಗುವ ನಿಮಿಷಗಳಲ್ಲಿ ಮಾತ್ರ ಹಾರಿಸುವುದಿಲ್ಲ; ಹೀಗೆ ಗಡಿಯಾರಕ್ಕೆ ಹೊಂದಿಕೊಳ್ಳುತ್ತದೆ. ಹಾರುವುದು ಸಂಖ್ಯೆ ಮಾತ್ರ, ಫ್ರೇಮಲ್ಲ. ಇದನ್ನು ತಿಳಿಯದೆ ‘ಕೋಡ್ ನಿಮಿಷಕ್ಕೊಮ್ಮೆ ತುಂಡಾಗಿದೆ’ ಎಂದು ರೀಲು ಹಿಂದಿರುಗಿಸಿದವರಿದ್ದಾರೆ.

30ಕ್ಕೂ 29.97ಕ್ಕೂ ಇರುವ ವ್ಯತ್ಯಾಸ ಸಾವಿರಕ್ಕೆ ಒಂದು. ಟೇಪ್ ಯಂತ್ರದ ವೇಗದ ತಪ್ಪೂ ಅಷ್ಟೇ ಇರಬಲ್ಲದು. ಆದ್ದರಿಂದ ಗಡಿಯಾರ ಹಿಡಿದು ಅಳೆದು ತೀರ್ಮಾನಿಸುವುದಕ್ಕಿಂತ ಡಬ್ಬಿಯ ಮೇಲಿನ ಚೀಟಿಯನ್ನೂ ರೀಲಿನ ಮೊದಲಲ್ಲಿ ಬರೆದ ಪರೀಕ್ಷಾ ಸ್ವರಗಳನ್ನೂ ನಂಬಿ. ಟೇಪಿನಲ್ಲಿ ಸೇರಿಕೊಂಡ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯಿಂದ ವೇಗ ಅಳೆಯಿರಿ ಎನ್ನುವವರಿದ್ದಾರೆ. ನಮ್ಮ ಹಳೆಯ ಕರೆಂಟಿನ ಏರಿಳಿತದ ಕಥೆ ಗೊತ್ತಿದ್ದವರು ಆ ಮಾತು ಆಡಲಾರರು.

ಆಮೇಲೆ ಗಾಯಗಳ ಪಟ್ಟಿ. ಇಳಿಸಿಕೊಂಡ ಫೈಲನ್ನು ‘ಎಲ್‌ಟಿಸಿ ಡಂಪ್’ ಎಂಬ ಉಚಿತ ಸಾಫ್ಟ್‌ವೇರಿಗೆ ಕೊಟ್ಟರೆ ಫ್ರೇಮು ಫ್ರೇಮಾಗಿ ಓದಿ, ಕ್ರಮ ತಪ್ಪಿದ ಕಡೆಯೆಲ್ಲ ಗುರುತು ಹಾಕಿ ಕೊಡುತ್ತದೆ. ಆ ಪಟ್ಟಿಯನ್ನು ಓದುವುದರಲ್ಲಿ ಒಂದು ಸೂಕ್ಷ್ಮ ಇದೆ. ಕೋಡ್ ಮಾಯವಾಗಿ ಮತ್ತೆ ಬಂದಾಗ ಇರಬೇಕಾದ ಸಂಖ್ಯೆಯೇ ಇದ್ದರೆ ಅದು ಬರೀ ತೂತು: ಪುಡಿ ಉದುರಿದೆ, ಕೊಳೆ ಕೂತಿದೆ ಅಥವಾ ಯಾರೋ ತಪ್ಪಿ ಅಳಿಸಿದ್ದಾರೆ. ಮತ್ತೆ ಬಂದಾಗ ಸಂಖ್ಯೆಯೇ ಬೇರೆಯಾಗಿದ್ದರೆ ಅಲ್ಲಿ ಬ್ಲೇಡು ಆಡಿದೆ, ಟೇಪನ್ನು ಕತ್ತರಿಸಿ ಅಂಟಿಸಿದ್ದಾರೆ. 01:02:10:05 ಆದ ಕೂಡಲೇ 01:02:18:11 ಬಂದರೆ ಎಂಟು ಸೆಕೆಂಡು ಚಿಲ್ಲರೆ ಸಂಗೀತ ಕತ್ತರಿಸಿ ಹೋಗಿದೆಯೆಂದು ಅರ್ಥ. ಜೊತೆಯ ರೀಲಿನಲ್ಲಿ ಅದು ಇನ್ನೂ ಇರಲೂಬಹುದು. ತೂತನ್ನು ಮುಚ್ಚಿ. ನೆಗೆತವನ್ನು ಮುಚ್ಚುವ ಮೊದಲು ಬರೆದಿಟ್ಟುಕೊಳ್ಳಿ, ಏಕೆಂದರೆ ಅದು ಕೆಡುಕಲ್ಲ, ದಾಖಲೆ.

ನಕಲು ಮಾಡಬೇಡಿ, ಮರುಹುಟ್ಟಿಸಿ

ಟೈಮ್‌ಕೋಡನ್ನು ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ತಂತಿ ಕೊಟ್ಟು ನಕಲು ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಎಲ್ಲಕ್ಕಿಂತ ಕೆಟ್ಟ ಉಪಾಯ ಕೂಡ. ಚೌಕಾಕಾರದ ಅಲೆಯ ಮೂಲೆಗಳು ಪ್ರತಿ ನಕಲಿನಲ್ಲೂ ಗುಂಡಾಗುತ್ತವೆ, ಬಿಟ್ಟುಗಳ ಗಡಿ ಆಚೀಚೆ ಸರಿಯುತ್ತದೆ. ಮೊದಲ ನಕಲು ಓದಲು ಬರುತ್ತದೆ, ಎರಡನೆಯದು ಯಂತ್ರಕ್ಕೆ ಮನಸ್ಸಿದ್ದರೆ.

ಅದಕ್ಕಿಂತ ವಾಸಿ ಅಲೆಯನ್ನು ಮತ್ತೆ ಚೌಕ ಮಾಡಿ ಕಳಿಸುವುದು; ಮೂಲೆಗಳು ಸರಿಯಾಗುತ್ತವೆ, ಆದರೆ ತೂತು ತೂತಾಗಿಯೇ ಉಳಿಯುತ್ತದೆ. ಸರಿಯಾದ ದಾರಿ ಮರುಹುಟ್ಟು. ಹಳೆಯ ಕೋಡನ್ನು ಓದಿ ಅರ್ಥಮಾಡಿಕೊಂಡ ಜನರೇಟರು ಅದೇ ಸಂಖ್ಯೆಗಳ ಹೊಚ್ಚ ಹೊಸ ಕೋಡನ್ನು ತಾನೇ ಹುಟ್ಟಿಸುತ್ತದೆ. ಹಳೆಯದು ಕ್ಷಣ ಕಾಣೆಯಾದರೆ, ಪೆಡಲು ನಿಲ್ಲಿಸಿದರೂ ಸೈಕಲ್ಲಿನ ಚಕ್ರ ಉರುಳುವ ಹಾಗೆ, ಅದೇ ವೇಗದಲ್ಲಿ ಎಣಿಸುತ್ತಲೇ ಹೋಗುತ್ತದೆ. ಇದಕ್ಕೆ ‘ಜಾಮ್ ಸಿಂಕ್’ ಎಂದು ಹೆಸರು. ಭಜನೆಯಲ್ಲಿ ಮುಂದಾಳು ತಾಳ ನಿಲ್ಲಿಸಿದರೂ ಪಕ್ಕದವನು ಅದೇ ಲಯದಲ್ಲಿ ತಾಳ ಹಾಕುತ್ತಲೇ ಇರುತ್ತಾನಲ್ಲ, ಅದೇ ಕ್ರಮ.

ಜಾಮ್ ಸಿಂಕಿನಲ್ಲಿ ಎರಡು ಬಗೆ. ಒಂದು, ಹಳೆಯ ಕೋಡನ್ನು ಒಮ್ಮೆ ಓದಿ ಹಿಡಿದುಕೊಂಡು ಆಮೇಲೆ ಅದರ ಕಡೆ ತಿರುಗಿಯೂ ನೋಡದೆ ತನ್ನ ಪಾಡಿಗೆ ಓಡುವುದು. ಇನ್ನೊಂದು, ಉದ್ದಕ್ಕೂ ಕಿವಿಗೊಟ್ಟು ಹಳೆಯ ಕೋಡಿನ ನೆಗೆತಗಳನ್ನೂ ಅನುಸರಿಸುವುದು. ತೂತು ಬಿದ್ದ ಟೇಪಿಗೆ, ಬಾಲ ಮೊಟಕಾದ ಟೇಪಿಗೆ ಮೊದಲನೆಯದು. ಬ್ಲೇಡಿನ ಗುರುತುಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕಾದಲ್ಲಿ ಎರಡನೆಯದು. ಬಳಕೆದಾರನ 32 ಬಿಟ್‌ಗಳನ್ನು ಜನರೇಟರು ಹೊಸ ಕೋಡಿಗೆ ದಾಟಿಸುತ್ತದೆಯೋ ಇಲ್ಲವೋ ಎಂದು ಮೊದಲೇ ನೋಡಿಕೊಳ್ಳಿ.

ಹೊಸದನ್ನು ಎಲ್ಲಿ ಬರೆಯುವುದು? ಹಳೆಯದರ ಮೇಲೆ ಅಲ್ಲ. ನನ್ನ ಇಡೀ ಉಪದೇಶದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ: ಹೊಸ ಕೋಡ್ ಬೇರೆ ಟ್ರ್ಯಾಕಿಗೆ ಹೋಗಲಿ, ಅದು ಸರಿಯಿದೆಯೆಂದು ಪರೀಕ್ಷೆ ಮುಗಿಯುವ ತನಕ ಹಳೆಯದನ್ನು ಮುಟ್ಟಬೇಡಿ, ಮುಗಿದ ಮೇಲೂ ಮುಟ್ಟದಿದ್ದರೆ ಇನ್ನೂ ಒಳ್ಳೆಯದು. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ರಾತ್ರಿ ಕೋರಸ್ ತುಂಬಿಸುವಾಗ 24ನೇ ಟ್ರ್ಯಾಕಿನ ರೆಕಾರ್ಡ್ ಗುಂಡಿ ಆರಿಸದೆ ಬಿಟ್ಟವನು ನಾನೇ. ಒಂಬತ್ತು ಸೆಕೆಂಡು ಕೋಡ್ ಸ್ವಚ್ಛವಾಗಿ ಅಳಿಸಿಹೋಯಿತು. ಆ ಜಾಗ ಬಂದ ಕೂಡಲೇ ಜೊತೆಯ ಯಂತ್ರ ಕಂಗಾಲಾಗಿ ರೀಲನ್ನು ಹಿಂದಕ್ಕೆ ಓಡಿಸಿತು. ಗಾಬರಿಯಲ್ಲಿ ನಾನು ಮಾಡಹೊರಟದ್ದು ಅದೇ ಟ್ರ್ಯಾಕಿನ ಮೇಲೆ ಆರಂಭದಿಂದ ಹೊಸ ಕೋಡ್ ಹೊಡೆಯುವುದು. ಹಿರಿಯ ಎಂಜಿನಿಯರರು ಕೈ ಹಿಡಿದು ನಿಲ್ಲಿಸಿದರು. ಒಂಬತ್ತು ಸೆಕೆಂಡಿನ ತೂತಿಗೆ ಪೂರ್ತಿ ಹಾಡಿನ ವಿಳಾಸ ಸುಡಲು ಹೊರಟಿದ್ದೆ.

ಪಕ್ಕದ ಟ್ರ್ಯಾಕೂ ಬೇಡ. ಹಳೆಯದನ್ನು ಓದುತ್ತ ಒತ್ತಿನ ಟ್ರ್ಯಾಕಿನಲ್ಲಿ ಬರೆದರೆ ಬರೆಯುವುದರ ಸೋರಿಕೆ ಓದುವುದನ್ನೇ ಕೆಡಿಸುತ್ತದೆ. ನಡುವೆ ಕನಿಷ್ಠ ಒಂದು ಟ್ರ್ಯಾಕಿನ ಅಂತರವಿರಲಿ. ಸ್ಟುಡಿಯೋ ಯಂತ್ರದಲ್ಲಿ ಸಾಮಾನ್ಯ ಮಟ್ಟಕ್ಕಿಂತ 5ರಿಂದ 10 ಡೆಸಿಬೆಲ್ ಕೆಳಗೆ, ಕ್ಯಾಸೆಟ್ಟಿನಲ್ಲಿ 3 ಡೆಸಿಬೆಲ್ ಕೆಳಗೆ ಬರೆದರೆ ಸಾಕು. ಗಟ್ಟಿಯಾಗಿ ಬರೆದರೆ ಹೆಚ್ಚು ಭದ್ರ ಎಂಬುದು ಭ್ರಮೆ. ಕೋತಿ ತಾನು ಕೆಡುವುದಲ್ಲದೆ ವನವನ್ನೂ ಕೆಡಿಸುತ್ತದೆ. ಕ್ಯಾಸೆಟ್ ಯಂತ್ರಗಳಲ್ಲಿ ನಾಲ್ಕನೆಯ ಟ್ರ್ಯಾಕಿಗೆ ಮಾತ್ರ ಡಿಬಿಎಕ್ಸ್ ಆರಿಸುವ ಸ್ವಿಚ್ಚು ಕೆಲವು ಮಾದರಿಗಳಲ್ಲಿರುತ್ತದೆ, ಹುಡುಕಿ.

ಯಾವ ಹೆಡ್ಡಿನಿಂದ ಓದುತ್ತೀರಿ ಎಂಬುದೂ ಮುಖ್ಯ. ಬರೆಯುವ ಹೆಡ್ಡಿಗೂ ಕೇಳಿಸುವ ಹೆಡ್ಡಿಗೂ ನಡುವೆ ಐದು ಸೆಂ.ಮೀ. ಇದೆ ಎಂದುಕೊಳ್ಳಿ. ಕೇಳಿಸುವ ಹೆಡ್ಡಿನಿಂದ ಓದಿ ಬರೆದರೆ 15 ಇಂಚಿನ ವೇಗದಲ್ಲಿ ಹೊಸ ಕೋಡ್ ಸುಮಾರು 130 ಮಿಲಿಸೆಕೆಂಡು, ಅಂದರೆ ಮೂರು ಫ್ರೇಮಿಗೂ ಹೆಚ್ಚು, ತಪ್ಪು ಜಾಗದಲ್ಲಿ ಕೂರುತ್ತದೆ. ಯಂತ್ರವನ್ನು ಸಿಂಕ್ ಸ್ಥಿತಿಗೆ ತಂದು ಬರೆಯುವ ಹೆಡ್ಡಿನಿಂದಲೇ ಓದಿ.

ಬಾಲ ಬೆಳೆಸುವುದು, ತಲೆ ಬೆಳೆಸುವುದು

ಹಾಡು ಮುಗಿಯುವ ಮುಂಚೆಯೇ ಕೋಡ್ ಮುಗಿದಿರುವುದು ಬಹಳ ಸಾಮಾನ್ಯ. ನಾಲ್ಕು ನಿಮಿಷಕ್ಕೆಂದು ಹೊಡೆದ ಕೋಡ್. ಆಮೇಲೆ ನಿರ್ದೇಶಕರಿಗೆ ಕೊನೆಯಲ್ಲಿ ಇನ್ನೊಂದು ಆಲಾಪ ಬೇಕೆನಿಸಿದೆ. ಬಾಲ ಬೆಳೆಸಲು ಜಾಮ್ ಸಿಂಕ್ ಸಾಕು: ಕೋಡ್ ಚೆನ್ನಾಗಿರುವ ಕಡೆಯಿಂದ, ಒಂದು ನಿಮಿಷ ಹಿಂದಿನಿಂದಾದರೂ, ಟೇಪು ಹೊರಡಿಸಿ, ಜನರೇಟರು ಹಿಡಿದುಕೊಂಡಿತೆಂದು ಖಾತ್ರಿಯಾದ ಮೇಲೆ ಹೊಸ ಟ್ರ್ಯಾಕಿಗೆ ಬರೆಯುತ್ತ ಹೋಗಿ. ಹಳೆಯದು ನಿಂತಾಗ ಹೊಸದು ನಿಲ್ಲುವುದಿಲ್ಲ.

ಆದರೆ ಇಲ್ಲೊಂದು ಹೊಂಡವಿದೆ. ಹಳೆಯ ಕೋಡ್ ಬರೆದ ದಿನ ಟೇಪಿನ ವೇಗ ಎಷ್ಟಿತ್ತೋ ಇಂದು ಅಷ್ಟೇ ಇರಬೇಕೆಂದಿಲ್ಲ. ಇಂದು ಅದು ಸೆಕೆಂಡಿಗೆ 25ರ ಬದಲು 25.025 ಫ್ರೇಮಿನಂತೆ ಓಡುತ್ತಿದ್ದರೆ ಕೋಡ್ ನಿಂತ ಮೇಲೆ ಜನರೇಟರು ತನ್ನ ಸ್ಫಟಿಕದ ಲೆಕ್ಕದಲ್ಲಿ ಸರಿಯಾದ 25ಕ್ಕೆ ಇಳಿಯಬಹುದು. ಸಾವಿರಕ್ಕೊಂದರ ಈ ವ್ಯತ್ಯಾಸ ಶ್ರುತಿಯಲ್ಲಿ ಎರಡು ಸೆಂಟಿಗಿಂತ ಕಡಿಮೆ, ಯಾವ ಕಿವಿಗೂ ತಿಳಿಯದು. ತಾಳಕ್ಕೆ ತಿಳಿಯುತ್ತದೆ. ಒಂದು ನಿಮಿಷಕ್ಕೆ 60 ಮಿಲಿಸೆಕೆಂಡು, ನಾಲ್ಕು ನಿಮಿಷಕ್ಕೆ ಆರು ಫ್ರೇಮು ಸರಿಯುತ್ತದೆ. ಟೇಪಿನ ಜೊತೆ ಕಂಪ್ಯೂಟರಿನ ತಾಳ ಓಡಬೇಕಿದ್ದರೆ ಅದು ಮದ್ದಲೆಯವನೊಬ್ಬ ಮುಂದೆ, ತಾಳದವನೊಬ್ಬ ಹಿಂದೆ ನಡೆಯುವಂಥ ಅವಸ್ಥೆ. ಆದ್ದರಿಂದ ಬರೆಯಲು ತೊಡಗುವ ಮೊದಲು ಯಂತ್ರದ ವೇಗದ ತಿರುಪನ್ನು ಹಿಡಿದು, ಹಳೆಯ ಕೋಡ್ ಕರಾರುವಾಕ್ಕಾಗಿ 25ರಲ್ಲಿ ಓಡುವಂತೆ ಮಾಡಿಕೊಳ್ಳಿ. ಹತ್ತು ನಿಮಿಷದ ಈ ಕೆಲಸ ಮಾಡದವರು ಆಮೇಲೆ ಹತ್ತು ದಿನ ಕೂರುತ್ತಾರೆ.

ತಲೆ ಬೆಳೆಸುವುದು ಕಷ್ಟ. ಕೋಡ್ ಹಾಡಿನ ಮೊದಲ ಸ್ವರದ ಜೊತೆಯಲ್ಲೇ ಶುರುವಾದ ಟೇಪುಗಳಿವೆ. ಜೊತೆಯ ಯಂತ್ರ ಓದಿ, ಅಟ್ಟಿಸಿಕೊಂಡು ಬಂದು, ಕೂಡಿಕೊಳ್ಳಲು ಹತ್ತು ಸೆಕೆಂಡಾದರೂ ಮುಂಗಡ ಬೇಕು. ಹಿಂದಕ್ಕೆ ಎಣಿಸುತ್ತ ಹೋಗಲು ಜಾಮ್ ಸಿಂಕಿಗೆ ಬರುವುದಿಲ್ಲ. ಹಾಡಿನ ಮುಂದೆ ಟೇಪೇ ಇಲ್ಲದಿದ್ದರೆ ಮೊದಲು ಖಾಲಿ ಟೇಪು ಅಂಟಿಸಬೇಕು. ಆಮೇಲೆ ಹಳೆಯ ಕೋಡ್ 01:00:10:00 ತೋರಿಸುವ ಜಾಗ ಹೆಡ್ಡಿಗೆ ಬಂದಾಗ ಟೇಪಿನ ಬೆನ್ನಿಗೆ ಪೆನ್ಸಿಲ್ ಗುರುತು ಹಾಕಿ, ಟೇಪಿನ ತುದಿಯಿಂದ ಆ ಗುರುತಿನವರೆಗಿನ ಹೊತ್ತು ಅಳೆಯಿರಿ. 31 ಸೆಕೆಂಡಾಯಿತೆನ್ನಿ. ಜನರೇಟರನ್ನು 00:59:39:00ಕ್ಕೆ ಇಟ್ಟು ತುದಿಯಿಂದ ಹೊಸ ಟ್ರ್ಯಾಕಿಗೆ ಹೊಡೆದರೆ ಹಳೆಯದಕ್ಕೆ ಕೆಲವು ಫ್ರೇಮುಗಳ ಅಂತರದಲ್ಲಿ ಕೂರುತ್ತದೆ. ಆ ಅಂತರವನ್ನು ಸೊನ್ನೆ ಮಾಡಲು ಮತ್ತೆ ಮತ್ತೆ ಟೇಪು ಓಡಿಸುವ ಹಟ ಬೇಡ. ಏಳು ಫ್ರೇಮು ವ್ಯತ್ಯಾಸವಿದ್ದರೆ ಏಳು ಎಂದು ಬರೆದಿಡಿ. ಕೋಡ್ ಓದಿ ಯಂತ್ರಗಳನ್ನು ಜೊತೆಯಲ್ಲಿ ಓಡಿಸುವ ಸಿಂಕ್ರೊನೈಸರಿಗೆ ಅಷ್ಟು ಕಳೆಯಲು ಹೇಳಿದರೆ ಮುಗಿಯಿತು.

ಹೊಸದಾಗಿ ಹೊಡೆಯುವಾಗ 00:00:00:00ರಿಂದ ಮಾತ್ರ ಶುರು ಮಾಡಬೇಡಿ. ಸೊನ್ನೆಯಿಂದ ಒಂದು ಚೂರು ಹಿಂದೆ ಹೋದರೆ 23:59:59 ಬರುತ್ತದೆ. ಯಂತ್ರ ತಾನು ಇಡೀ ದಿನ ದೂರದಲ್ಲಿದ್ದೇನೆಂದುಕೊಂಡು ರೀಲು ಬಿಚ್ಚಿಹೋಗುವ ತನಕ ಓಡುತ್ತದೆ. ಹಾಡು ಒಂದು ಗಂಟೆಗೆ ಶುರುವಾಗಲಿ, ಮುಂಗಡ ಕೋಡ್ 59ನೇ ನಿಮಿಷದಲ್ಲಿ.

ಕಂಪ್ಯೂಟರಿನಲ್ಲಿ, ಮತ್ತು ಏನೂ ಉಳಿಯದಾಗ

ಇವತ್ತು ಸಿಂಕ್ರೊನೈಸರ್ ಇಲ್ಲ, ಜನರೇಟರ್ ಇಲ್ಲ, ಖಾಲಿ ಟ್ರ್ಯಾಕೂ ಇಲ್ಲ ಎನ್ನುವವರೇ ಹೆಚ್ಚು. ಅವರು ಟೇಪಿನ ಮೇಲೆ ಏನನ್ನೂ ಬರೆಯದೆ ಇಳಿಸಿಕೊಂಡ ಫೈಲಿನಲ್ಲೇ ದುರಸ್ತಿ ಮಾಡಬಹುದು. ಹಳೆಯ ಟೇಪಿನ ಉಳಿದ ಆಯುಸ್ಸಿನ ದೃಷ್ಟಿಯಿಂದ ನನಗಂತೂ ಇದೇ ಮೇಲು. ಕ್ಷೀಣವಾದ ಕೋಡಿದ್ದರೆ ಅದರ ಪಟ್ಟಿಯ ಆಚೀಚಿನ ಗದ್ದಲ ಸೋಸಿ, ದನಿ ಏರಿಸಿ, ಅಲೆಯ ನೆತ್ತಿ ಕತ್ತರಿಸಿ ಚೌಕ ಮಾಡಿ ಮತ್ತೆ ಓದಿಸಿ. ಆಗಲೂ ಬಾರದಿದ್ದರೆ ಫೈಲನ್ನು ಹಿಮ್ಮುಖ ಮಾಡಿ ಓದಿಸಿ. ತೂತಿನ ಈ ದಡದಿಂದ ಹಿಡಿತಕ್ಕೆ ಸಿಗದ ಫ್ರೇಮು ಆ ದಡದಿಂದ ಸಿಗುವುದುಂಟು.

96 ಕಿಲೋಹರ್ಟ್ಸ್ ಫೈಲಿನಲ್ಲಿ 25 ಫ್ರೇಮಿನ ಕೋಡಾದರೆ ಒಂದು ಫ್ರೇಮಿಗೆ 3840 ಸ್ಯಾಂಪಲ್. ನಿಮ್ಮದು ಸರಾಸರಿ 3843 ಬಂದರೆ ಟೇಪು ಅಷ್ಟು ನಿಧಾನ ಓಡಿದೆಯೆಂದು ಅರ್ಥ. ಈ ಅನುಪಾತ ಸಿಕ್ಕಿದರೆ ತಲೆಯನ್ನೂ ಬಾಲವನ್ನೂ ಲೆಕ್ಕದಿಂದಲೇ ಬೆಳೆಸಬಹುದು. ಟೇಪಿನ ಮೇಲೆ ಅಷ್ಟು ಕಾಡಿದ ಹಿಮ್ಮುಖ ಎಣಿಕೆ ಇಲ್ಲಿ ಕೂಡು ಕಳೆಯುವ ಮಾತು. ‘ಎಲ್‌ಟಿಸಿ ಜೆನ್’ ಎಂಬ ಸಾಫ್ಟ್‌ವೇರ್ ಬೇಕಾದ ಸಂಖ್ಯೆಯಿಂದ ಹೊಸ ಕೋಡಿನ ಫೈಲು ಹುಟ್ಟಿಸಿಕೊಡುತ್ತದೆ. ಎರಡು ರೀಲುಗಳ ಹಾಡಾದರೆ ಆರಂಭದಲ್ಲಿ ಒಂದು ಕಡೆ ಜೋಡಿಸಿ ಬಿಡಬೇಡಿ. ಮೊದಲು, ನಡುವೆ, ಕೊನೆಗೆ ಎಂದು ಹಲವು ಕಡೆ ಎರಡರ ಕೋಡನ್ನೂ ಹೋಲಿಸಿ ವೇಗ ಹೊಂದಿಸಿ.

ಕೋಡ್ ಪೂರ್ತಿ ಅಳಿಸಿದ್ದರೆ? ಅದು ಸೋರಿದ ಜಾಗ ಹುಡುಕಿ. ಕೋಡ್ ಓಡುತ್ತಿರುವಾಗ ಧ್ವನಿಮುದ್ರಿಸಿದ ಬೇರೆ ಟ್ರ್ಯಾಕುಗಳ ಮೌನದಲ್ಲಿ, ಗಾಯಕ ಸುಮ್ಮನಿದ್ದ ಹೊತ್ತಿನಲ್ಲಿ, ತೆಳುವಾದ ಕೀರಲು ಕೆಲವೊಮ್ಮೆ ಅಚ್ಚಾಗಿರುತ್ತದೆ. ಅಂದು ಎಂಜಿನಿಯರನನ್ನು ಬೈಸಿದ ಆ ಸೋರಿಕೆಯನ್ನು ಏರಿಸಿ, ಸೋಸಿ, ಅಲ್ಲೊಂದು ಇಲ್ಲೊಂದು ಫ್ರೇಮು ಓದಲು ಬಂದರೂ ಸಾಕು; ಎರಡು ಮೈಲಿಗಲ್ಲು ಸಿಕ್ಕಿದರೆ ನಡುವಿನ ದಾರಿ ಎಣಿಸಬಹುದು.

ಅದೂ ಇಲ್ಲದಿದ್ದರೆ ಹಳೆಯ ಎಂಜಿನಿಯರುಗಳ ಅಭ್ಯಾಸ ಕಾಪಾಡುತ್ತದೆ. ಕೆಲಸದ ರೀಲಿನ ಎರಡು ಟ್ರ್ಯಾಕುಗಳಲ್ಲಿ ಮೂಲ ರೀಲಿನ ಕಚ್ಚಾ ಮಿಶ್ರಣ ಇರುತ್ತದಲ್ಲ, ಅದರಲ್ಲಿನ ಒಂದು ಡ್ರಮ್ ಏಟನ್ನು ಮೂಲದ ಅದೇ ಏಟಿನ ಅಲೆಯ ಪಕ್ಕದಲ್ಲಿ ಇಟ್ಟು ನೋಡಿ. ಹಾಡಿನ ಉದ್ದಕ್ಕೂ ಇಂಥ ಏಳೆಂಟು ಏಟು ಹೊಂದಿಸಿದರೆ ಸಂಖ್ಯೆಗಳಿಲ್ಲದೆಯೂ ಎರಡು ರೀಲು ಕೂಡುತ್ತವೆ. ಕೂಡಿದ ಮೇಲೆ ಎರಡಕ್ಕೂ ಒಂದೇ ಹೊಸ ಕೋಡ್ ಕೊಡಿ.

ಕೊನೆಗೆ ಪರೀಕ್ಷೆ. ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಓದಿಸಿ ಅವುಗಳ ನಡುವಿನ ವ್ಯತ್ಯಾಸ ನೋಡಿ. ವ್ಯತ್ಯಾಸ ಎಷ್ಟಿದೆ ಎನ್ನುವುದು ಮುಖ್ಯವಲ್ಲ, ಮೊದಲಿಂದ ಕೊನೆಯವರೆಗೆ ಅದು ಅಲುಗಾಡದೆ ನಿಂತಿದೆಯೇ ಎನ್ನುವುದು ಮುಖ್ಯ. ಅಲುಗಾಡಿದ ಜಾಗಕ್ಕೆ ಹಿಂದಿರುಗಿ, ಅಲ್ಲಿ ನೀವು ತೂತೆಂದುಕೊಂಡದ್ದು ನೆಗೆತವಾಗಿರುತ್ತದೆ.

ಟೇಪನ್ನು ಡಬ್ಬಿಗೆ ಹಾಕುವ ಮುಂಚೆ ಚೀಟಿ ಬರೆಯಿರಿ. ಪೆನ್ಸಿಲಿನಲ್ಲಿ, ದೊಡ್ಡ ಅಕ್ಷರದಲ್ಲಿ: ‘ಹಳೆ ಕೋಡ್ 24ರಲ್ಲಿ, 25 ಫ್ರೇಮು, 01:02:31ರಿಂದ ಒಂಬತ್ತು ಸೆಕೆಂಡು ಇಲ್ಲ. ಹೊಸ ಕೋಡ್ 22ರಲ್ಲಿ, ಪೂರ್ತಿ ಇದೆ. ಹೊಸದು ಹಳೆಯದಕ್ಕಿಂತ ಏಳು ಫ್ರೇಮು ಮುಂದೆ. 24 ಅಳಿಸಬೇಡಿ.’ ಕೊನೆಯ ಎರಡು ಪದದ ಕೆಳಗೆ ಎರಡು ಗೆರೆ ಎಳೆಯಿರಿ.